ಅವ್ವನ ಲೆಕ್ಕ, ಎಂಜಿನಿಯರ್ ಲೆಕ್ಕ: ಸಿರುಗುಪ್ಪದ ರಸ್ತೆಯನ್ನ ಅಳೆಯೋದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ

ಇವತ್ತಿನ ಇತಿಹಾಸದ ಸಂಚಿಕೆ ಟ್ರಾಫಿಕ್ ಬಗ್ಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಕತೆ ಅಂದ್ಕೊಂಡಿದ್ರೆ ಸ್ವಲ್ಪ ತಡೀರಿ. ನಾನು ನಿಮ್ಮನ್ನ ಕರ್ಕೊಂಡು ಹೋಗ್ತಿರೋದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪಕ್ಕೆ.

ಸಿರುಗುಪ್ಪ ನೋಡಿಲ್ಲದವರಿಗೆ ಎರಡು ಮಾತು. ಇದು ತುಂಗಭದ್ರೆಯ ಬಲದಂಡೆ ಕಡೆಯ ಊರು. ಹೊಳೆ ದಾಟಿದರೆ ಸಿಂಧನೂರು ತಾಲೂಕು, ಪೂರ್ವಕ್ಕೆ ಆಂಧ್ರದ ಆದೋನಿ, ದಕ್ಷಿಣಕ್ಕೆ ಬಳ್ಳಾರಿ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಊರಿನ ಮೇಲೇ ಹಾದು ಹೋಗುತ್ತೆ. ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ. ಊರಿಗೆ ರೈಲಿಲ್ಲ. ಹಾಗಾಗಿ ಗದ್ದೆಯಿಂದ ಮಿಲ್ಲಿಗೆ, ಮಿಲ್ಲಿಂದ ಪೇಟೆಗೆ, ಎಲ್ಲವೂ ರಸ್ತೆ ಮೇಲೇ ಹೋಗಬೇಕು.

ನಾನು ಅಲ್ಲಿ ಹೈಸ್ಕೂಲ್ ಓದುವಾಗ ನಮ್ಮವ್ವ ವರ್ಷಕ್ಕೆ ಎರಡು ಸಲ ಒಂದೇ ಮಾತು ಹೇಳ್ತಿದ್ಲು: "ಭತ್ತ ಮುಗಿಯೋತನ ಮೇನ್ ರೋಡಿಗೆ ಸೈಕಲ್ ಒಯ್ಯಬ್ಯಾಡಪಾ." ಕಟಾವು ಶುರುವಾದ ಕೂಡಲೇ ಈ ಆರ್ಡರ್ ಜಾರಿ. ರಸ್ತೆ ತುಂಬಾ ಟ್ರ್ಯಾಕ್ಟರ್, ಹಿಂದೆ ಚೀಲ ತುಂಬಿದ ಟ್ರ್ಯಾಲಿ, ಅದರ ಹಿಂದೆ ಲಾರಿ. ರಸ್ತೆಯ ಒಂದು ಬದಿಗೆ ಭತ್ತ ಒಣಗಲಿಕ್ಕೆ ಹಾಕಿರ್ತಾರೆ, ಅಂಚಿಗೆ ಕಲ್ಲು ಇಟ್ಟಿರ್ತಾರೆ. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರ್ಯಾಲಿ ಮುಂದೆ ಬಂದು ನಿಲ್ಲೋತನಕ ಕಾಣಲ್ಲ.

ಅವ್ವನ ಆ ಆರ್ಡರ್ ಒಂದು ಟ್ರಾಫಿಕ್ ಅಧ್ಯಯನವೇ ಆಗಿತ್ತು ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಒಂದು ಊರಲ್ಲಿ ಹೊಸದಾಗಿ ಮಾಲ್, ಮಿಲ್, ಲೇಔಟ್, ಕಲ್ಯಾಣ ಮಂಟಪ ಬಂದರೆ ರಸ್ತೆಗೆ ಏನಾಗುತ್ತೆ? ಇದನ್ನ ಅಳೆಯೋಕೆ ಜಗತ್ತಿನಲ್ಲಿ ಒಂದು ಪದ್ಧತಿ ಇದೆ. ಅದಕ್ಕೆ ಟ್ರಾಫಿಕ್ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಅಂತಾರೆ. ಕನ್ನಡದಲ್ಲಿ ಸಂಚಾರ ಪರಿಣಾಮ ಅಧ್ಯಯನ ಅನ್ನಬಹುದು. ಆ ಅಧ್ಯಯನ ಏನನ್ನು ಎಣಿಸುತ್ತೆ, ಯಾರನ್ನು ಬಿಡುತ್ತೆ? ಇವತ್ತಿನ ಕತೆ ಅದೇ.

ದಿನಕ್ಕೆ ಎರಡು ಸಾವಿರ ಎತ್ತು

ಟ್ರಾಫಿಕ್ ಎಣಿಸೋದು ಹೊಸದೇನಲ್ಲ. ನಮ್ಮ ಪಕ್ಕದಲ್ಲೇ ಸುಮಾರು 500 ವರ್ಷದ ಹಿಂದಿನ ಒಂದು ಎಣಿಕೆ ಸಿಗುತ್ತೆ.

ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ 1535ರ ಹೊತ್ತಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ. ಅವನು ಬರೆದಿಟ್ಟ ವೃತ್ತಾಂತದಲ್ಲಿ ರಾಜಧಾನಿ ಕಡೆಯ ಹೆಬ್ಬಾಗಿಲಿನ ವಿಷಯ ಬರುತ್ತೆ. ಆ ಬಾಗಿಲಿನ ಸುಂಕ ವಸೂಲಿಯನ್ನು ವರ್ಷಕ್ಕೆ 12,000 ಪರ್ದಾವ್‌ಗೆ ಗುತ್ತಿಗೆ ಕೊಟ್ಟಿದ್ರು. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರ್ತಿದ್ವು. ಒಂದೊಂದು ಎತ್ತಿಗೂ ಇಷ್ಟು ಅಂತ ಕಾಸು. ಆದರೆ ಕೊಂಬಿಲ್ಲದ ಬೋಳೆತ್ತಿಗೆ ಸುಂಕ ಇಲ್ಲ.

ಆ ಕೊನೇ ಮಾತು ನನಗೆ ಬಹಳ ಇಷ್ಟ. ಕೊಂಬಿರೋ ಎತ್ತೂ ಬೋಳೆತ್ತೂ ಒಂದೇ ರಸ್ತೆ ಸವೆಸ್ತವೆ, ಒಂದೇ ಬಾಗಿಲಲ್ಲಿ ನುಗ್ತವೆ. ಆದರೆ ಗುತ್ತಿಗೆದಾರನ ಲೆಕ್ಕದಲ್ಲಿ ಒಂದಕ್ಕೆ ಬೆಲೆ, ಇನ್ನೊಂದಕ್ಕೆ ಸೊನ್ನೆ. ಯಾಕಂದ್ರೆ ಅವನು ಎಣಿಸ್ತಿದ್ದದ್ದು ಹಣಕ್ಕೋಸ್ಕರ. ಕನ್ನಡ ಶಾಸನಗಳಲ್ಲೂ ಸುಂಕದ ಮಾತು ಬಂದಾಗ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಅನ್ನೋ ಲೆಕ್ಕಗಳು ಸಿಗ್ತವೆ. ರಸ್ತೆಗೆ ಎಷ್ಟು ಭಾರ ಆಯ್ತು ಅನ್ನೋ ಪ್ರಶ್ನೆ ಆ ಲೆಕ್ಕದಲ್ಲಿ ಇರಲಿಲ್ಲ. ಎಣಿಸೋನಿಗೆ ಏನು ಬೇಕೋ ಅದು ಮಾತ್ರ ಲೆಕ್ಕಕ್ಕೆ ಬರುತ್ತೆ. ಈ ಬೋಳೆತ್ತನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1953: ನೀರೂ ಬಂತು, ಗಡಿಯೂ ಬಂತು

ಈಗ ನಾಲ್ಕು ಶತಮಾನ ದಾಟೋಣ. ಸಿರುಗುಪ್ಪದ ರಸ್ತೆಗಳಿಗೆ ಅತಿ ದೊಡ್ಡ ಟ್ರಾಫಿಕ್ ತಂದ ಯೋಜನೆ ಯಾವುದು? ಅದು ಸಿರುಗುಪ್ಪದಲ್ಲಿ ಇಲ್ಲವೇ ಇಲ್ಲ. ಅದು ಹೊಸಪೇಟೆಯಲ್ಲಿರೋ ತುಂಗಭದ್ರಾ ಡ್ಯಾಂ.

1945ರ ಫೆಬ್ರವರಿ 28ರಂದು ಅಣೆಕಟ್ಟೆಗೆ ಅಡಿಗಲ್ಲು ಬಿತ್ತು. ಒಂದು ದಡ ಹೈದರಾಬಾದ್ ಸಂಸ್ಥಾನದ್ದು, ಇನ್ನೊಂದು ದಡ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ನೀರು ನಿಲ್ತು, ಕಾಲುವೆಗೆ ಬಿಟ್ಟರು. ಬಲದಂಡೆಯ ಕೆಳಮಟ್ಟದ ಕಾಲುವೆ, ಅಂದ್ರೆ ನಮ್ಮ ಕಡೆ ಎಲ್ಲರೂ ಎಲ್‌ಎಲ್‌ಸಿ ಅನ್ನೋದು, ಸಿರುಗುಪ್ಪ ತಾಲೂಕಿನ ಮೂಲಕ ಆಂಧ್ರಕ್ಕೆ ಹೋಗುತ್ತೆ. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ವು. ಹಳೇ ಬಳ್ಳಾರಿ ಜಿಲ್ಲೆಯದ್ದೇ ಆಗಿದ್ದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದ್ವು. ಅಲ್ಲಿತನಕ ಒಂದೇ ಜಿಲ್ಲೆಯೊಳಗಿನ ದಾರಿಯಾಗಿದ್ದ ಆದೋನಿ ರಸ್ತೆ ಒಂದೇ ದಿನಕ್ಕೆ ಅಂತರರಾಜ್ಯ ರಸ್ತೆ ಆಯ್ತು.

ನೀರು ಬಂದ ಮೇಲೆ ಜೋಳ, ಹತ್ತಿಯ ಎರೆ ಹೊಲಗಳು ಭತ್ತದ ಗದ್ದೆ ಆದ್ವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಭತ್ತ ಬಂದ ಹಿಂದೇ ಅಕ್ಕಿ ಗಿರಣಿ ಬಂತು. ಗಿರಣಿ ಹಿಂದೆ ಲಾರಿ, ಲಾರಿ ಹಿಂದೆ ಟೈರ್ ಪಂಚರ್ ಅಂಗಡಿ, ಡಾಬಾ, ವೇ ಬ್ರಿಡ್ಜ್, ಬ್ಯಾಂಕ್.

ಡ್ಯಾಂ ಕಟ್ಟುವಾಗ ಎಷ್ಟು ಕ್ಯೂಸೆಕ್ ನೀರು, ಎಷ್ಟು ಎಕರೆ ಅಂತ ಲೆಕ್ಕ ಹಾಕಿದ್ರು. ಈ ನೀರಿಂದ ಎಷ್ಟು ಟ್ರ್ಯಾಕ್ಟರ್ ರಸ್ತೆಗೆ ಇಳೀತವೆ ಅಂತ ಕೇಳೋ ಪದ್ಧತಿ ಆ ಕಾಲಕ್ಕೆ ಇನ್ನೂ ಹುಟ್ಟೇ ಇರಲಿಲ್ಲ. ಪರಿಸರದ ಪರಿಣಾಮವನ್ನ ಮೊದಲೇ ಅಂದಾಜು ಮಾಡಬೇಕು ಅನ್ನೋ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿದ್ದು 1970ರಲ್ಲಿ. ನಮ್ಮಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಬಂದಿದ್ದು 1994ರ ಜನವರಿಯಲ್ಲಿ. ಹಾಗಾಗಿ ಡ್ಯಾಂ ಕಟ್ಟಿದವರನ್ನ ನಾನು ಬೈತಾ ಇಲ್ಲ. ಆದರೆ ಇವತ್ತಿಗೂ ಸಿರುಗುಪ್ಪದ ಮೇನ್ ರೋಡ್ ತುಂಬೋದು, ಖಾಲಿ ಇರೋದು ಡ್ಯಾಮಿನ ನೀರಿನ ಮಟ್ಟದ ಮೇಲೇ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಬೇಸಿಗೆಯಲ್ಲೂ ರಸ್ತೆ ತುಂಬುತ್ತೆ. ಸಿಗದ ವರ್ಷ ಅದೇ ರಸ್ತೆ ಬಿಕೋ ಅನ್ನುತ್ತೆ. ಆ ಖಾಲಿ ವರ್ಷದಲ್ಲಿ ಯಾರಾದರೂ ಎಣಿಸೋಕೆ ಬಂದರೆ, "ಈ ಊರಿಗೆ ಟ್ರಾಫಿಕ್ ಸಮಸ್ಯೆಯೇ ಇಲ್ಲ" ಅಂತ ಬರ್ಕೊಂಡು ಹೋಗ್ತಾರೆ.

ಅಮೆರಿಕದಿಂದ ಬಂದ ಅಳತೆಗೋಲು

ಈಗ ಅಳೆಯೋ ಪದ್ಧತಿ ಹೇಗೆ ಹುಟ್ಟಿತು ನೋಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಗೊಂದು ಕಾರು ಬರೋಕೆ ಶುರುವಾಯ್ತು. ಒಂದು ರಸ್ತೆ ಗಂಟೆಗೆ ಎಷ್ಟು ಗಾಡಿ ಹೊರಬಲ್ಲದು ಅಂತ ಹೇಳೋ ಹೈವೇ ಕೆಪಾಸಿಟಿ ಮ್ಯಾನ್ಯುಯಲ್ ಮೊದಲ ಸಲ 1950ರಲ್ಲಿ ಬಂತು. 1965ರ ಆವೃತ್ತಿಯಲ್ಲಿ ರಸ್ತೆಗಳಿಗೆ ಪರೀಕ್ಷೆಯ ಥರ ಗ್ರೇಡ್ ಕೊಡೋದು ಶುರುವಾಯ್ತು: ಎ ಇಂದ ಎಫ್ ತನಕ. ಎ ಅಂದ್ರೆ ಆರಾಮಾಗಿ ಹೋಗಬಹುದು. ಎಫ್ ಅಂದ್ರೆ ನಿಂತಲ್ಲೇ ನಿಂತಿರಿ.

1976ರಲ್ಲಿ ಅಲ್ಲಿನ ಟ್ರಾಫಿಕ್ ಎಂಜಿನಿಯರ್‌ಗಳ ಸಂಸ್ಥೆ ಐಟಿಇ ಇನ್ನೊಂದು ದಪ್ಪ ಪುಸ್ತಕ ತಂತು. ಹೆಸರು ಟ್ರಿಪ್ ಜನರೇಷನ್. ಇಷ್ಟು ಚದರಡಿ ಅಂಗಡಿ ಇದ್ದರೆ ದಿನಕ್ಕೆ ಇಷ್ಟು ಟ್ರಿಪ್, ಇಷ್ಟು ಮನೆ ಇದ್ದರೆ ಇಷ್ಟು ಟ್ರಿಪ್. ನಾವು ಮಗ್ಗಿ ಪುಸ್ತಕ ನೋಡಿ ಗುಣಾಕಾರ ಮಾಡ್ತಿದ್ವಲ್ಲ, ಹಾಗೆ. ಜಗತ್ತಿನ ಎಷ್ಟೋ ಕಡೆ ಸಂಚಾರ ಪರಿಣಾಮ ಅಧ್ಯಯನಕ್ಕೆ ಇದೇ ದಾರಿ ಮಾದರಿ ಆಯ್ತು.

ಅಧ್ಯಯನ ಮಾಡೋ ಕ್ರಮ ಸರಳ. ಮೊದಲು, ಈಗ ರಸ್ತೆಯಲ್ಲಿ ಎಷ್ಟು ಗಾಡಿ ಓಡಾಡ್ತವೆ ಅಂತ ಎಣಿಸ್ತಾರೆ. ಎರಡನೇದು, ಹೊಸ ಕಟ್ಟಡದಿಂದ ಎಷ್ಟು ಟ್ರಿಪ್ ಹೆಚ್ಚಾಗುತ್ತೆ ಅಂತ ಅಂದಾಜು. ಮೂರನೇದು, ಆ ಟ್ರಿಪ್‌ಗಳು ಯಾವ ಯಾವ ರಸ್ತೆಗೆ ಹಂಚಿ ಹೋಗ್ತವೆ ಅಂತ ನೋಡೋದು. ನಾಲ್ಕನೇದು, ಎರಡನ್ನೂ ಕೂಡಿಸಿ ರಸ್ತೆಯ ಸಾಮರ್ಥ್ಯದ ಜೊತೆ ಹೋಲಿಸೋದು. ಗ್ರೇಡ್ ಸಿ ಇದ್ದದ್ದು ಇ ಆಗೋದಾದ್ರೆ, ಕಟ್ಟೋನು ರಸ್ತೆ ಅಗಲ ಮಾಡಬೇಕು, ಸಿಗ್ನಲ್ ಹಾಕಿಸಬೇಕು, ಗೇಟ್ ಜಾಗ ಬದಲಿಸಬೇಕು.

ಕೇಳೋಕೆ ಚೆನ್ನಾಗಿದೆ. ಆದರೆ ಆ ಪುಸ್ತಕದ ಮಾಹಿತಿ ಬಂದಿದ್ದು ಮುಖ್ಯವಾಗಿ ಅಮೆರಿಕದ ಊರ ಹೊರಗಿನ ಬಡಾವಣೆಗಳಿಂದ. ಅಲ್ಲಿ ಎಲ್ಲರೂ ಕಾರಲ್ಲೇ ಬರ್ತಾರೆ. ನಮ್ಮೂರ ಕಲ್ಯಾಣ ಮಂಟಪಕ್ಕೆ ಮದುವೆ ದಿನ ಟ್ರ್ಯಾಲಿಯಲ್ಲಿ ಕೂತು ಬರೋ ಬೀಗರ ಲೆಕ್ಕ ಅದರಲ್ಲಿ ಎಲ್ಲಿ ಸಿಗಬೇಕು?

ಒಂದು ಎತ್ತಿನ ಗಾಡಿ, ಎಂಟು ಕಾರು

ಭಾರತದ ಎಂಜಿನಿಯರ್‌ಗಳಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಜಯಕರ್ ಸಮಿತಿಯ ಶಿಫಾರಸಿನ ಮೇಲೆ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಐಆರ್‌ಸಿ, ನಮ್ಮ ರಸ್ತೆಗಳಿಗೆ ನಮ್ಮದೇ ಲೆಕ್ಕ ಮಾಡಿದೆ. ನಮ್ಮ ರಸ್ತೆಯಲ್ಲಿ ಎಲ್ಲ ಥರದ ಗಾಡಿಗಳೂ ಒಟ್ಟಿಗೆ ಓಡ್ತವೆ. ಅವನ್ನ ಕೂಡಿಸೋಕೆ ಒಂದು ಸಾಮಾನ್ಯ ಮಾನ ಬೇಕು. ಆ ಮಾನದ ಹೆಸರು ಪಿಸಿಯು, ಪ್ಯಾಸೆಂಜರ್ ಕಾರ್ ಯೂನಿಟ್. ಎಲ್ಲವನ್ನೂ ಕಾರಿಗೆ ಹೋಲಿಸಿ ಹೇಳೋದು.

ಐಆರ್‌ಸಿ 64 ಅನ್ನೋ 1990ರ ಮಾರ್ಗಸೂಚಿ ಊರ ಹೊರಗಿನ ರಸ್ತೆಗಳಿಗೆ ಕೊಟ್ಟ ಪಟ್ಟಿ ಹೀಗಿದೆ. ಕಾರು, ಆಟೋ: 1. ಬೈಕ್: 0.5. ಸೈಕಲ್: 0.5. ಲಾರಿ, ಬಸ್ಸು: 3. ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರ್: 4.5. ಎತ್ತಿನ ಗಾಡಿ: 8. ಹೌದು, ಒಂದು ಎತ್ತಿನ ಗಾಡಿ ಎಂಟು ಕಾರಿಗೆ ಸಮ! ಯಾಕಂದ್ರೆ ಪಿಸಿಯು ಅಳೆಯೋದು ಆ ಗಾಡಿ ಎಷ್ಟು ಸಾಮಾನು ತಂತು ಅಂತಲ್ಲ. ಅದು ಉಳಿದವರ ದಾರಿಗೆ ಎಷ್ಟು ಅಡ್ಡ ಆಯ್ತು ಅಂತ. ಮೆಲ್ಲಗೆ ಹೋಗೋದು ಹೆಚ್ಚು ಅಡ್ಡ.

ಈಗ ನಾವೇ ಒಂದು ಲೆಕ್ಕ ಹಾಕೋಣ. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಇದು ಯಾವುದೇ ಒಂದು ಮಿಲ್ಲಿನ ಲೆಕ್ಕ ಅಲ್ಲ, ಉದಾಹರಣೆ ಅಷ್ಟೇ. ದಿನಕ್ಕೆ 100 ಟನ್ ಭತ್ತ ತಗೊಳ್ಳೋ ಒಂದು ಅಕ್ಕಿ ಗಿರಣಿ ಇದೆ ಅನ್ಕೊಳ್ಳಿ. ನಮ್ಮ ಕಡೆ ಭತ್ತದ ಚೀಲ ಅಂದ್ರೆ 75 ಕೆಜಿ. ಹಾಗಾದ್ರೆ ಸುಮಾರು 1,333 ಚೀಲ. ಒಂದು ಟ್ರ್ಯಾಲಿಗೆ ಐದು ಟನ್ ಅಂದ್ರೆ 20 ಟ್ರ್ಯಾಲಿ ಬರಬೇಕು. ಬಂದ 20 ಖಾಲಿಯಾಗಿ ವಾಪಸ್ ಹೋಗಬೇಕು. ಒಟ್ಟು 40 ಟ್ರಿಪ್. 40 ಸಲ 4.5 ಅಂದ್ರೆ 180 ಪಿಸಿಯು.

ಇನ್ನು ಹೊರಗೆ ಹೋಗೋದು. 100 ಟನ್ ಭತ್ತಕ್ಕೆ ಹೆಚ್ಚುಕಡಿಮೆ 67 ಟನ್ ಅಕ್ಕಿ ಅನ್ನೋದು ಸರ್ಕಾರಿ ಲೆಕ್ಕದ ಪ್ರಮಾಣ. ಉಳಿದದ್ದು ತೌಡು, ಹೊಟ್ಟು, ನುಚ್ಚು. ಅಕ್ಕಿಗೆ ನಾಲ್ಕು ಲಾರಿ, ತೌಡು ಹೊಟ್ಟಿಗೆ ಎರಡು. ಆರು ಲಾರಿ ಬಂದು ಹೋಗೋದು 12 ಟ್ರಿಪ್, ಮೂರರಿಂದ ಗುಣಿಸಿದರೆ 36. ಒಟ್ಟು 216 ಪಿಸಿಯು.

ಬಯಲು ಸೀಮೆಯ ಎರಡು ಲೇನಿನ ಹೆದ್ದಾರಿಗೆ ಅದೇ ಐಆರ್‌ಸಿ 64 ದಿನಕ್ಕೆ 15,000 ಪಿಸಿಯು ಅಂತ ವಿನ್ಯಾಸದ ಮಿತಿ ಇಟ್ಟಿದೆ. ನಮ್ಮ ಗಿರಣಿಯ ಪಾಲು ಶೇ 1.5ಕ್ಕಿಂತ ಕಡಿಮೆ. "ಇಷ್ಟೇನಾ? ಹೋಗ್ಲಿ ಬಿಡಿ" ಅಂತ ಯಾವ ಅಧಿಕಾರಿಯಾದರೂ ಸಹಿ ಹಾಕ್ತಾನೆ. ತಪ್ಪೂ ಅಲ್ಲ. ಆದರೆ ಅದೇ ರಸ್ತೆ ಮೇಲೆ ಅಂಥವು ಹತ್ತು ಬಂದರೆ ಶೇ 14 ದಾಟ್ತು. ಅದರ ಜೊತೆ ಎರಡು ಲೇಔಟ್, ಮೂರು ಕಲ್ಯಾಣ ಮಂಟಪ, ಒಂದು ಶಾಲೆ. ಒಂದೊಂದೂ ಸಣ್ಣದೇ. ಮೇಲಾಗಿ ಈ ಟ್ರ್ಯಾಲಿಗಳು ವರ್ಷದ 365 ದಿನಕ್ಕೆ ಸಮನಾಗಿ ಹಂಚಿಕೊಂಡು ಬರಲ್ಲ. ಕಟಾವಿನ ಕೆಲವೇ ವಾರಗಳಲ್ಲಿ, ಅದರಲ್ಲೂ ಸಂಜೆ ಹೊತ್ತಿಗೆ, ಒಟ್ಟಿಗೆ ಬಂದು ಸಾಲಾಗಿ ನಿಲ್ತವೆ. ಅರ್ಧ ರಸ್ತೆ ಒಣಗೋ ಭತ್ತಕ್ಕೆ ಹೋಗಿರುತ್ತೆ. ಎರಡು ಲೇನ್ ಅಂತ ಕಾಗದದಲ್ಲಿದ್ದದ್ದು ನೆಲದ ಮೇಲೆ ಒಂದೇ ಆಗಿರುತ್ತೆ.

ಇಲ್ಲಿ ಒಂದು ಆಶ್ಚರ್ಯದ ವಿಷಯ ಹೇಳಬೇಕು. ಐಆರ್‌ಸಿ 9 ಅಂತ 1972ರ ಒಂದು ಹಳೇ ದಾಖಲೆ ಇದೆ, ಊರ ಹೊರಗಿನ ರಸ್ತೆಗಳ ವಾಹನ ಗಣತಿ ಹೇಗೆ ಮಾಡಬೇಕು ಅಂತ. ಅದರ ಪ್ರಕಾರ ವರ್ಷಕ್ಕೆ ಕನಿಷ್ಠ ಎರಡು ಸಲ ಎಣಿಸಬೇಕು. ಒಂದು ಸಲ ಸುಗ್ಗಿ ಮತ್ತು ಮಾರಾಟದ ಗದ್ದಲದ ಕಾಲದಲ್ಲಿ, ಇನ್ನೊಂದು ಸಲ ಖಾಲಿ ಕಾಲದಲ್ಲಿ. ಪ್ರತಿ ಸಲವೂ ಏಳು ದಿನ, ದಿನಕ್ಕೆ 24 ಗಂಟೆ. 50 ವರ್ಷದ ಹಿಂದೆಯೇ ಯಾರೋ ಎಂಜಿನಿಯರ್‌ಗಳು ಕೂತು, ಈ ದೇಶದ ರಸ್ತೆ ಬೆಳೆ ನೋಡಿ ತುಂಬುತ್ತೆ ಅನ್ನೋದನ್ನ ಅರ್ಥ ಮಾಡ್ಕೊಂಡಿದ್ರು. ನಮ್ಮವ್ವ ವರ್ಷಕ್ಕೆ ಎರಡು ಸಲ ಆರ್ಡರ್ ಹೊರಡಿಸ್ತಿದ್ದದ್ದೂ ಅದೇ ತಿಳಿವಳಿಕೆಯಿಂದ. ಹೊಸ ಕಟ್ಟಡಕ್ಕೋಸ್ಕರ ಎರಡು ದಿನ ಕ್ಯಾಮೆರಾ ಇಟ್ಟು ಎಣಿಸಿಕೊಂಡು ಹೋಗೋರು ಈ ಹಳೇ ದಾಖಲೆಯ ಒಂದು ಪುಟ ಓದಿದರೂ ಸಾಕು.

20,000 ಚದರ ಮೀಟರ್ ಅನ್ನೋ ಗೆರೆ

ಹಾಗಾದ್ರೆ ಕಾನೂನು ಏನು ಕೇಳುತ್ತೆ? 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ, 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕು. ಅದರ ಅರ್ಜಿಯಲ್ಲಿ ಪಾರ್ಕಿಂಗ್ ಕೊರತೆ ಆಗುತ್ತಾ, ಒಳಗೆ ಹೋಗೋ ಹೊರಗೆ ಬರೋ ಜಾಗದಲ್ಲಿ ಸಂಚಾರ ಹೇಗೆ ನಿಭಾಯಿಸ್ತೀರಿ ಅಂತ ಕೇಳ್ತಾರೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಮಾಲ್‌ಗಳು ಈ ಬಾಗಿಲ ಮೂಲಕ ಹೋಗಬೇಕು.

20,000 ಚದರ ಮೀಟರ್ ಅಂದ್ರೆ ಹೆಚ್ಚುಕಡಿಮೆ 2,15,000 ಚದರಡಿ. ಸಿರುಗುಪ್ಪದಂಥ ಊರಲ್ಲಿ ಅಷ್ಟು ದೊಡ್ಡ ಕಟ್ಟಡ ಎಷ್ಟು ಬಂದಾವು? ಇಲ್ಲಿ ಊರು ಬೆಳೆಯೋದು ಚೂರುಚೂರಾಗಿ. ಮೂರು ಎಕರೆ ಲೇಔಟ್, ರಸ್ತೆ ಪಕ್ಕದ ಗೋಡೌನ್, ಮಹಡಿ ಮೇಲೆ ಫಂಕ್ಷನ್ ಹಾಲ್. ಯಾವುದೂ ಗೆರೆ ದಾಟಲ್ಲ. ಎಲ್ಲವೂ ಸೇರಿ ರಸ್ತೆ ಕಟ್ಟಿಹಾಕ್ತವೆ. ಇವು ಬೋಳೆತ್ತುಗಳು, ನೆನಪಿದೆಯಲ್ಲ? ಬಾಗಿಲಲ್ಲಿ ನುಗ್ತವೆ, ಪಟ್ಟಿಯಲ್ಲಿ ಇರಲ್ಲ.

ಅಳೆದದ್ದು ಎಲ್ಲ ಮುಗಿದ ಮೇಲೆ

"ಸಣ್ಣ ಊರಿಗೆ ಇಷ್ಟೆಲ್ಲಾ ಯಾಕೆ?" ಅಂತ ಕೇಳೋರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆ ಕಡೆಯಿಂದ ಬೇಲೇಕೇರಿ, ಕಾರವಾರ, ಕೃಷ್ಣಪಟ್ಟಣ, ಚೆನ್ನೈ ಬಂದರುಗಳಿಗೆ ಅದಿರು ಲಾರಿಗಳ ಸಾಲು. ರಸ್ತೆ ಪಕ್ಕದ ಗಿಡಮರ, ಮನೆ ಮಾಡು, ಒಣಗಿ ಹಾಕಿದ ಬಟ್ಟೆ ಎಲ್ಲ ಕೆಂಪು. ಆ ಕಾಲದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಬೆಳೆದವರು ಯಾರಾದರೂ ಹತ್ತಿರ ಇದ್ದರೆ ಕೇಳಿ, ಅರ್ಧ ಗಂಟೆ ಹೇಳ್ತಾರೆ.

ಇಲ್ಲಿ ಪಿಸಿಯು ಲೆಕ್ಕ ಪೂರ್ತಿ ಕೈಕೊಡುತ್ತೆ. ಪಿಸಿಯು ಪ್ರಕಾರ ಒಂದು ಲಾರಿ ಅಂದ್ರೆ ಮೂರು ಕಾರು. ಅದು ಜಾಗದ ಲೆಕ್ಕ. ರಸ್ತೆ ಹಾಳಾಗೋ ಲೆಕ್ಕ ಬೇರೆ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್‌ನಲ್ಲಿ ಒಂದು ದೊಡ್ಡ ಪ್ರಯೋಗ ನಡೀತು. ಬೇಕಂತಲೇ ರಸ್ತೆಗಳನ್ನ ಕಟ್ಟಿ, ಹಗಲು ರಾತ್ರಿ ಲಾರಿ ಓಡಿಸಿ ಸವೆಸಿದ್ರು. ಅಲ್ಲಿಂದ ಗೊತ್ತಾಗಿದ್ದು: ಅಚ್ಚಿನ ಮೇಲಿನ ಭಾರ ಎರಡರಷ್ಟಾದ್ರೆ ರಸ್ತೆಗೆ ಆಗೋ ಹಾನಿ ಎರಡರಷ್ಟಲ್ಲ, ಸುಮಾರು 16 ಪಟ್ಟು. ಓವರ್‌ಲೋಡ್ ಲಾರಿ ಓಡಾಡಿದ ರಸ್ತೆ ಯಾಕೆ ಗುಂಡಿಯಾಗುತ್ತೆ ಅನ್ನೋದಕ್ಕೆ ಇದೇ ಕಾರಣ.

ನಮ್ಮಲ್ಲಿ ಅಳೆದದ್ದು ಯಾರು? ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿಗಳು 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಬಂದ್ವು. ಪರ್ಮಿಟ್, ತೂಕದ ಚೀಟಿ, ಓವರ್‌ಲೋಡ್, ಎಲ್ಲವೂ ಬಯಲಿಗೆ ಬಂತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮತ್ತೆ ಶುರು ಮಾಡೋಕೆ ಬಿಟ್ಟಾಗ ಮಿತಿ ಹಾಕಿತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್. 2022ರಲ್ಲಿ ಆ ಮಿತಿಯನ್ನ 3.5 ಕೋಟಿ ಟನ್‌ಗೆ ಏರಿಸಿತು.

2.5 ಕೋಟಿ ಟನ್ ಅಂದ್ರೆ ಎಷ್ಟು? ಅಷ್ಟೂ 16 ಟನ್ ಲಾರಿಯಲ್ಲೇ ಹೋದರೆ ವರ್ಷಕ್ಕೆ 15 ಲಕ್ಷಕ್ಕಿಂತ ಹೆಚ್ಚು ಲೋಡ್, ದಿನಕ್ಕೆ 4,000ಕ್ಕೂ ಹೆಚ್ಚು. ರೈಲು, ಕನ್ವೇಯರ್ ಬೆಲ್ಟ್ ಇರೋದ್ರಿಂದ ಅಷ್ಟೂ ರಸ್ತೆಗೆ ಬರಲ್ಲ. ಆದರೆ ಗಮನಿಸಿ: ನಮ್ಮ ಜಿಲ್ಲೆಯಲ್ಲಿ ಒಂದು ಉದ್ಯಮಕ್ಕೆ "ಇಷ್ಟರ ಮೇಲೆ ಬೇಡ" ಅಂತ ಅಂಕಿ ಬರೆದು ಮಿತಿ ಹಾಕೋಕೆ ದೇಶದ ಅತ್ಯುನ್ನತ ನ್ಯಾಯಾಲಯವೇ ಬೇಕಾಯ್ತು. ಅದೂ ರಸ್ತೆ ಹೋದ ಮೇಲೆ, ಎದೆಗೆ ಧೂಳು ಇಳಿದ ಮೇಲೆ. ಪರಿಣಾಮ ಅಧ್ಯಯನ ಅನ್ನೋದರ ಅರ್ಥವೇ ಮೊದಲು ಅಳೆಯೋದು. ಆಮೇಲೆ ಅಳೆದರೆ ಅದು ಪಂಚನಾಮೆ.

ಸೊನ್ನೆ ಆದವರು

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರ್ತೀನಿ. ಆಗ ಓದಿದ ಪಿಸಿಯು ಪಟ್ಟಿ ನೆನಪಿಸ್ಕೊಳ್ಳಿ. ಕಾರು 1, ಲಾರಿ 3, ಟ್ರ್ಯಾಲಿ 4.5. ನಡ್ಕೊಂಡು ಹೋಗೋ ಮನುಷ್ಯನಿಗೆ ಎಷ್ಟು? ಆ ಪಟ್ಟಿಯಲ್ಲಿ ಅವನಿಲ್ಲ. ವಾಹನಗಳ ಪಟ್ಟಿ, ಹಾಗಾಗಿ ಸಹಜ. ಆದರೆ ಅದೇ ಪಟ್ಟಿಯಿಂದ ರಸ್ತೆಯ ಭವಿಷ್ಯ ತೀರ್ಮಾನ ಆಗುವಾಗ, ನಡೆಯೋನು ಸೊನ್ನೆ.

ಪಾದಚಾರಿಗಳಿಗೆ ಬೇರೆ ಮಾರ್ಗಸೂಚಿ ಇದೆ, ಐಆರ್‌ಸಿ 103. 1988ರದ್ದು, ಆಮೇಲೆ ಪರಿಷ್ಕರಣೆ ಆಗಿದೆ. ಅದರಲ್ಲಿ ರಸ್ತೆ ದಾಟೋಕೆ ವ್ಯವಸ್ಥೆ ಬೇಕೋ ಬೇಡವೋ ಅನ್ನೋದಕ್ಕೆ ಒಂದು ಸೂತ್ರ ಕೊಟ್ಟರು. ದಟ್ಟಣೆ ಹೊತ್ತಲ್ಲಿ ಒಂದು ಗಂಟೆಗೆ ಎಷ್ಟು ಜನ ದಾಟ್ತಾರೆ ಅನ್ನೋದು ಪಿ. ಎಷ್ಟು ವಾಹನ ಹೋಗ್ತವೆ ಅನ್ನೋದು ವಿ. ವಿಯನ್ನ ವಿಯಿಂದಲೇ ಗುಣಿಸಿ, ಬಂದದ್ದನ್ನ ಪಿಯಿಂದ ಗುಣಿಸಿ. ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಉತ್ತರ 10 ಕೋಟಿ ಮುಟ್ಟಿದರೆ ಆ ಜಾಗದಲ್ಲಿ ದಾಟೋ ವ್ಯವಸ್ಥೆ ಬೇಕು.

ಉದಾಹರಣೆಗೆ ಒಂದು ಶಾಲೆ ಮುಂದೆ ಗಂಟೆಗೆ 1,000 ವಾಹನ ಹೋಗ್ತವೆ, 100 ಮಕ್ಕಳು ದಾಟ್ತಾರೆ ಅನ್ಕೊಳ್ಳಿ. 1,000 ಗುಣಿಲೆ 1,000, 10 ಲಕ್ಷ. ಗುಣಿಲೆ 100, ಸರಿಯಾಗಿ 10 ಕೋಟಿ. ಕ್ರಾಸಿಂಗ್ ಸಿಗುತ್ತೆ.

ಈಗ ನಮ್ಮವ್ವ ಬರ್ತಾಳೆ. ಭತ್ತದ ಸೀಸನ್, ಮೇನ್ ರೋಡಿಗೆ ಹೋಗಬ್ಯಾಡ ಅಂತಾಳೆ. ಅವ್ವನ ಥರದ ಇನ್ನೊಂದಿಷ್ಟು ಅವ್ವಂದಿರೂ ಅದನ್ನೇ ಹೇಳ್ತಾರೆ. ಕೆಲವರು ಮಕ್ಕಳನ್ನ ಬೈಕಲ್ಲಿ ಬಿಟ್ಟು ಬರ್ತಾರೆ. ಕೆಲವರು ಸುತ್ತು ಹಾಕಿ ಒಳದಾರಿಯಲ್ಲಿ ಕಳಿಸ್ತಾರೆ. ದಾಟೋ ಮಕ್ಕಳು 100 ಇದ್ದದ್ದು 50 ಆಯ್ತು. ಈಗ ಗುಣಿಸಿ ನೋಡಿ: 5 ಕೋಟಿ. ಸೂತ್ರದ ಪ್ರಕಾರ ಆ ರಸ್ತೆಗೆ ಕ್ರಾಸಿಂಗ್ ಬೇಡ!

ನೋಡಿದ್ರಾ ಇದರ ವಿಚಿತ್ರ? ರಸ್ತೆ ಅಪಾಯ ಆದಷ್ಟೂ ಜನ ಅದರಿಂದ ದೂರ ಉಳೀತಾರೆ. ದೂರ ಉಳಿದವರು ಎಣಿಕೆಗೆ ಸಿಗಲ್ಲ. ಎಣಿಕೆಗೆ ಸಿಗದಿದ್ದರೆ ಅವರಿಗೆ ಬೇಕಾದ್ದು ಕಟ್ಟಲ್ಲ. ಹೆದರಿ ಮನೆಯಲ್ಲಿ ಕೂತ ಅಜ್ಜ, ಸಂಜೆ ಟ್ಯೂಷನ್ ಬಿಟ್ಟ ಹುಡುಗಿ, ಒಳದಾರಿ ಹಿಡಿದ ಸೈಕಲ್ ಹುಡುಗ, ಇವರೆಲ್ಲ ಆ ಹೊಸ ಮಿಲ್, ಹೊಸ ಲೇಔಟಿನ ಪರಿಣಾಮವೇ. ಆದರೆ ಕ್ಯಾಮೆರಾ ಇಟ್ಟು ಎಣಿಸಿದರೆ ಇವರ ಜಾಗದಲ್ಲಿ ಖಾಲಿ ರಸ್ತೆ ಕಾಣುತ್ತೆ. ನಾನೂ ಹೈಸ್ಕೂಲಿನ ಮೂರು ವರ್ಷ, ವರ್ಷಕ್ಕೆ ಕೆಲವು ವಾರ, ಹಾಗೆ ಎಣಿಕೆಯಿಂದ ಹೊರಗೆ ಇದ್ದೆ.

ಅಳತೆಗೋಲು ಬದಲಾಗಬಹುದು

ಇದು ಹೀಗೇ ಇರಬೇಕು ಅಂತೇನಿಲ್ಲ. ಎ ಇಂದ ಎಫ್ ಗ್ರೇಡ್ ಹುಟ್ಟಿದ ಅಮೆರಿಕದಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಒಂದು ಕಾನೂನು ಮಾಡ್ತು. 2020ರ ಜುಲೈ 1ರಿಂದ ಅಲ್ಲಿನ ಪರಿಸರ ಅಧ್ಯಯನದಲ್ಲಿ ಕಾರು ಎಷ್ಟು ಹೊತ್ತು ಕಾಯ್ತು ಅನ್ನೋದು ಮಾನದಂಡ ಅಲ್ಲ. ಹೊಸ ಕಟ್ಟಡದಿಂದ ಒಟ್ಟು ಎಷ್ಟು ಮೈಲಿ ವಾಹನ ಓಡಾಟ ಹೆಚ್ಚಾಗುತ್ತೆ ಅನ್ನೋದೇ ಮಾನದಂಡ. ಯಾಕೆ ಬದಲಿಸಿದ್ರು? ಹಳೇ ಲೆಕ್ಕದಲ್ಲಿ ಬಸ್ ಸ್ಟ್ಯಾಂಡ್ ಪಕ್ಕ, ಜನ ನಡ್ಕೊಂಡು ಬರೋ ಜಾಗದಲ್ಲಿ ಮನೆ ಕಟ್ಟಿದರೆ "ಜಂಕ್ಷನ್ ತುಂಬುತ್ತೆ" ಅಂತ ಫೇಲ್. ಊರಾಚೆ ಹೊಲದ ನಡುವೆ ಕಟ್ಟಿದರೆ ಪಾಸ್. ಅಳತೆಗೋಲು ಬದಲಾದ ಕೂಡಲೇ ಒಳ್ಳೇ ಯೋಜನೆ ಯಾವುದು ಅನ್ನೋದೂ ಬದಲಾಯ್ತು.

ಸಿರುಗುಪ್ಪಕ್ಕೆ ಕ್ಯಾಲಿಫೋರ್ನಿಯಾದ ಲೆಕ್ಕ ಬೇಕಿಲ್ಲ. ಮೂರು ಸಣ್ಣ ವಿಷಯ ಸಾಕು. ಒಂದು, ಎಣಿಸೋದಾದರೆ ಕಟಾವಿನ ಕಾಲದಲ್ಲೂ ಎಣಿಸಿ. ಅದು 1972ರಿಂದ ಬರೆದಿಟ್ಟ ಮಾತು, ನನ್ನದಲ್ಲ. ಎರಡು, ಒಂದೊಂದೇ ಕಟ್ಟಡ ನೋಡಬೇಡಿ. ಒಂದು ರಸ್ತೆಯುದ್ದಕ್ಕೂ ಐದು ವರ್ಷದಲ್ಲಿ ಬಂದದ್ದೆಲ್ಲ ಸೇರಿಸಿ ನೋಡಿ. ಮೂರು, ರಸ್ತೆಗೆ ಬಂದವರನ್ನ ಎಣಿಸೋದರ ಜೊತೆ, ಬರೋದು ಬಿಟ್ಟವರನ್ನೂ ಕೇಳಿ. ಅದಕ್ಕೆ ಕ್ಯಾಮೆರಾ ಸಾಲದು. ಮನೆ ಬಾಗಿಲು ತಟ್ಟಬೇಕು, ಅವ್ವಂದಿರನ್ನ ಮಾತಾಡಿಸಬೇಕು.

ನಿಮಗೂ ಒಂದು ಹೋಂವರ್ಕ್. ನಿಮ್ಮೂರಲ್ಲಿ ಒಂದು ಶಾಲೆ ಮುಂದೆ, ಬೆಳಿಗ್ಗೆ ಹೊತ್ತು, 15 ನಿಮಿಷ ನಿಂತ್ಕೊಳ್ಳಿ. ಜೊತೆಗೊಬ್ಬ ಗೆಳೆಯ ಇರಲಿ. ಒಬ್ಬರು ಗಾಡಿ ಎಣಿಸಿ, ಒಬ್ಬರು ದಾಟೋ ಮಕ್ಕಳನ್ನ ಎಣಿಸಿ. ಎರಡನ್ನೂ ನಾಲ್ಕರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತೆ. ಆಮೇಲೆ ಆ ಸೂತ್ರಕ್ಕೆ ಹಾಕಿ ನೋಡಿ. ಇದು ಪಕ್ಕಾ ಸರ್ವೆ ಅಲ್ಲ, ಆದರೆ ನಗರಸಭೆಗೋ ಪಂಚಾಯಿತಿಗೋ ಅರ್ಜಿ ಕೊಡುವಾಗ "ತುಂಬಾ ಟ್ರಾಫಿಕ್ ಸಾರ್" ಅನ್ನೋದಕ್ಕಿಂತ ಒಂದು ಅಂಕಿ ಕೈಯಲ್ಲಿರೋದು ಒಳ್ಳೇದು. ಉತ್ತರ 10 ಕೋಟಿಗಿಂತ ಕಡಿಮೆ ಬಂದರೆ ಅಲ್ಲಿಗೇ ಬಿಡಬೇಡಿ. ಆ ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿರೋ ಮಕ್ಕಳೆಷ್ಟು, ನಡೆದು ಬರೋರೆಷ್ಟು, ಉಳಿದವರು ಯಾಕೆ ನಡೆಯಲ್ಲ ಅಂತ ಕೇಳಿ, ಅದನ್ನೂ ಅರ್ಜಿಯಲ್ಲಿ ಬರೀರಿ.

ಮೊನ್ನೆ ಊರಿಗೆ ಹೋದಾಗ ಈ ಸೂತ್ರ ಎಲ್ಲ ಅವ್ವಗ ಹೇಳಿದೆ. ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ ಅಂದ್ಲು, "ಅದೆಲ್ಲ ಇರಲಿ. ಹೊರಗ ಹೊಂಟೀಯಲ್ಲ, ಕಟಾವು ಶುರು ಆಗ್ಯದ. ಕತ್ತಲಾಗೋದರೊಳಗ ಬಾ."

ಬೇಗ ವಾಪಸ್ ಬಂದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ರಸ್ತೆ ದಾಟುವಾಗ ಇಯರ್‌ಫೋನ್ ತೆಗೀರಿ. ನಮಸ್ಕಾರ.